ವಿಚಾರಣೆಗೆ ಮುಂಚಿನ ಸೆರೆ: ಮುಂಬಯಿಯ ವೀಕ್ಷಣಾಲಯ ಮತ್ತು ಎಳೆಯ ಮನಸ್ಸು

ಭಾರತದ ಕಾನೂನಿನ ಪ್ರಕಾರ ಹದಿನೆಂಟು ತುಂಬದ ಯಾರನ್ನೂ ಪೊಲೀಸ್ ಲಾಕಪ್ಪಿನಲ್ಲಾಗಲೀ ಜೈಲಿನಲ್ಲಾಗಲೀ ಇರಿಸುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯು ಮಕ್ಕಳ ವಿಷಯದಲ್ಲಿ ದೂಷಣೆಯ ಪದಗಳನ್ನು ಬಳಸಬಾರದೆಂಬುದನ್ನೇ ಒಂದು ತತ್ವವನ್ನಾಗಿ ಒಪ್ಪಿಕೊಂಡಿದ್ದು, ಅಪರಾಧದ ಆಪಾದನೆ ಹೊತ್ತ ಹುಡುಗನನ್ನು ‘ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು’ ಎಂದೂ, ವಿಚಾರಣೆ ಮುಗಿಯುವವರೆಗೆ ಅವನನ್ನು ಇರಿಸುವ ಮನೆಯನ್ನು ‘ವೀಕ್ಷಣಾಲಯ’ ಎಂದೂ, ತಪ್ಪು ರುಜುವಾತಾದ ಮೇಲೆ ಹೆಚ್ಚೆಂದರೆ ಮೂರು ವರ್ಷದವರೆಗೆ ಇರಿಸಬಹುದಾದ ಸಂಸ್ಥೆಯನ್ನು ‘ವಿಶೇಷ ಗೃಹ’ ಎಂದೂ ಕರೆಯುತ್ತದೆ. ಮುಂಬಯಿಯ ಬೀದಿಯ ಹುಡುಗರು ಮಾತ್ರ ಡೋಂಗ್ರಿಯ ವೀಕ್ಷಣಾಲಯಕ್ಕೆ ಬಹಳ ಕಾಲದಿಂದ ‘ಚಿಲ್ಲರ್ ರೂಮ್’ ಎನ್ನುತ್ತ ಬಂದಿದ್ದಾರೆ. ಮೀರಾ ನಾಯರ್ ಅವರ 1988ರ ‘ಸಲಾಂ ಬಾಂಬೆ’ ಚಿತ್ರದ ಪುಟ್ಟ ನಾಯಕ ಪೊಲೀಸರ ಕೈಗೆ ಸಿಕ್ಕಿ ಸೇರುವುದೂ ಅಲ್ಲಿಗೇ. ಹೆಸರು ಏನೇ ಇರಲಿ, ಹೊರಗಿನಿಂದ ಬೀಗ ಹಾಕಿದ ಬಾಗಿಲಿನ ಒಳಗೆ ಹದಿನಾಲ್ಕು ಹದಿನೈದರ ಹುಡುಗನೊಬ್ಬ ತನ್ನ ಗತಿ ಏನಾಗುವುದೆಂದು ತಿಳಿಯದೆ ದಿನ ಕಳೆಯುವ ಸ್ಥಿತಿಯು ಅವನ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದು ಇಲ್ಲಿನ ವಿಚಾರ. ಈ ಹಾನಿಯ ಹೆಚ್ಚಿನ ಪಾಲು ಶಿಕ್ಷೆಯಿಂದ ಬರುವುದಿಲ್ಲವೆಂಬುದನ್ನೂ, ತೀರ್ಮಾನಕ್ಕೆ ಮುಂಚಿನ ಕಾಯುವಿಕೆಯಲ್ಲಿಯೇ ಅದು ಆಗಿಹೋಗುತ್ತದೆಂಬುದನ್ನೂ, ಹಾಗೆ ಕಾಯಬೇಕಾಗಿ ಬರುವವರು ಯಾರೆಂಬುದನ್ನು ಮುಂಬಯಿಯಂಥ ನಗರದಲ್ಲಿ ಅಪರಾಧದ ತೂಕಕ್ಕಿಂತ ಮನೆಯ ವಿಳಾಸವೇ ಹೆಚ್ಚಾಗಿ ನಿರ್ಧರಿಸುತ್ತದೆಂಬುದನ್ನೂ ಗಮನಿಸದ ಹೊರತು ಈ ವಿಚಾರ ಅರ್ಥವಾಗುವುದಿಲ್ಲ.

ಡೋಂಗ್ರಿ ಪ್ರದೇಶದ ಉಮರ್‌ಖಾಡಿಯಲ್ಲಿರುವ ಈ ವೀಕ್ಷಣಾಲಯವು ಒಂದು ಕಾಲದ ಜೈಲಿನ ಆವರಣದಲ್ಲಿಯೇ ಇದೆ ಎಂಬುದು ಕಾಕತಾಳೀಯವಾದರೂ ಅರ್ಥಪೂರ್ಣ ಸಂಗತಿ. ಕೊಲ್ಹಾಪುರ ಸಂಸ್ಥಾನದ ದಿವಾನರ ಮಾನನಷ್ಟ ಮೊಕದ್ದಮೆಯಲ್ಲಿ ಬಾಲಗಂಗಾಧರ ತಿಲಕ ಮತ್ತು ಗೋಪಾಲ ಗಣೇಶ ಆಗರ್ಕರ್ 1882ರಲ್ಲಿ 101 ದಿನಗಳನ್ನು ಕಳೆದದ್ದು ಇದೇ ಡೋಂಗ್ರಿ ಜೈಲಿನಲ್ಲಿ, ಮತ್ತು ಆಗರ್ಕರ್ ಆ ದಿನಗಳ ಬಗ್ಗೆ ಮರಾಠಿಯಲ್ಲಿ ಒಂದು ಪುಸ್ತಕವನ್ನೇ ಬರೆದರು. ಮಕ್ಕಳನ್ನು ದೊಡ್ಡವರ ಜೈಲಿನಿಂದ ಬೇರ್ಪಡಿಸಬೇಕೆಂಬ ಆಲೋಚನೆ ಈ ನಗರದಲ್ಲಿ ಅದಕ್ಕೂ ಹಿಂದಿನದು. ಪತ್ರಿಕಾ ಸಂಪಾದಕ ಜಾರ್ಜ್ ಬುಯಿಸ್ಟ್ 1850ರ ಹೊತ್ತಿಗೆ ಆರಂಭಿಸಿದ ಕೈಗಾರಿಕಾ ಶಾಲೆಗೆ ಬಾಗ್ದಾದಿನಿಂದ ಬಂದು ನೆಲೆಸಿದ ಯಹೂದಿ ವರ್ತಕ ಡೇವಿಡ್ ಸಸೂನ್ ನೆರವಾದುದರಿಂದ 1857ರಲ್ಲಿ ಅದು ಸಸೂನ್ ಸುಧಾರಣಾ ಶಾಲೆಯಾಯಿತು. ಅವರ ಹೆಸರಿನ ಸಂಸ್ಥೆ ಈಗಲೂ ಮಾಹಿಮಿನಲ್ಲಿದೆ. 1866ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ಸಮಾಜಸುಧಾರಕಿ ಮೇರಿ ಕಾರ್ಪೆಂಟರ್ ಇಂಥ ಶಾಲೆಗಳ ಪರವಾಗಿ ವಾದಿಸಿದರು, ಹತ್ತು ವರ್ಷಗಳ ಬಳಿಕ ಸುಧಾರಣಾ ಶಾಲೆಗಳ ಕಾಯ್ದೆ ಬಂತು. ಮುಂಬಯಿ ಪ್ರಾಂತ್ಯದ ಮಕ್ಕಳ ಕಾಯ್ದೆ 1924ರದು; ಅದನ್ನು ಜಾರಿಗೊಳಿಸಲು 1927ರ ಮೇ 1ರಂದು ಸ್ಥಾಪಿತವಾದ ‘ಚಿಲ್ಡ್ರನ್ಸ್ ಏಯ್ಡ್ ಸೊಸೈಟಿ’ ಎಂಬ ಸಂಸ್ಥೆಯೇ ಉಮರ್‌ಖಾಡಿಯ ಮತ್ತು ಮಾನ್‌ಖುರ್ದಿನ ಮಕ್ಕಳ ಮನೆಗಳನ್ನು ನಡೆಸುತ್ತ ಬಂದಿದೆ. ಹದಿನಾರು ದಾಟಿದ ತರುಣ ಅಪರಾಧಿಗಳಿಗೆಂದು ಅದೇ ಪ್ರಾಂತ್ಯವು 1929ರ ಕಾಯ್ದೆಯಡಿ ನಡೆಸಿದ ಬೋರ್ಸ್ಟಲ್ ಶಾಲೆ, ಅಂದರೆ ದುಡಿಮೆ ಮತ್ತು ಶಿಸ್ತಿನ ಮೂಲಕ ತಿದ್ದುವ ಬಂದೀಖಾನೆ, ಕನ್ನಡನಾಡಿನ ಧಾರವಾಡದಲ್ಲಿತ್ತೆಂಬುದನ್ನು ಇಂದು ನೆನೆಯುವವರು ಕಡಿಮೆ.

ಈ ಇತಿಹಾಸದ ಉದ್ದಕ್ಕೂ ಒಂದು ಗೊಂದಲ ಉಳಿದುಕೊಂಡು ಬಂತು. ತಪ್ಪು ಮಾಡಿದ ಮಗುವನ್ನೂ ದಿಕ್ಕಿಲ್ಲದ ಮಗುವನ್ನೂ ಒಂದೇ ವ್ಯವಸ್ಥೆಯೊಳಗೆ ಸೇರಿಸಿ, ಇಬ್ಬರನ್ನೂ ‘ಅವರ ಒಳ್ಳೆಯದಕ್ಕಾಗಿ’ ಒಳಗಿಡುವುದೇ ದಯೆಯೆಂದು ಭಾವಿಸಲಾಯಿತು. ದಯೆಯ ಹೆಸರಿನಲ್ಲಿ ಒಳಗಿಟ್ಟವರಿಗೆ ಹೊರಹೋಗುವ ದಿನ ನಿಗದಿಯಾಗಿರುವುದಿಲ್ಲ. ಶಿಕ್ಷೆಗೆ ಅವಧಿಯುಂಟು, ರಕ್ಷಣೆಗೆ ಇಲ್ಲ. 1980ರ ದಶಕದಲ್ಲಿ ಈ ಗೊಂದಲವನ್ನು ಸುಪ್ರೀಂ ಕೋರ್ಟಿನ ಮುಂದೆ ಒಯ್ದವರು ಮುಂಬಯಿಯ ಪತ್ರಕರ್ತೆ ಶೀಲಾ ಬಾರ್ಸೆ. ದೇಶದ ಜೈಲುಗಳಲ್ಲಿರುವ ಹದಿನಾರರೊಳಗಿನ ಮಕ್ಕಳ ಬಗ್ಗೆ ಅವರು ಹೂಡಿದ ಅರ್ಜಿಯ ಮೇಲೆ ನ್ಯಾಯಾಲಯವು 1986ರಲ್ಲಿ ಮಕ್ಕಳನ್ನು ಜೈಲಿನಲ್ಲಿ ಇಡಲಾಗದೆಂದೂ, ರಿಮಾಂಡ್ ಹೋಮಿನಲ್ಲಿ ಸ್ಥಳವಿಲ್ಲದಿದ್ದರೆ ಜಾಮೀನಿನ ಮೇಲೆ ಬಿಡಬೇಕೆಂದೂ ಹೇಳಿ, ಇಡೀ ದೇಶಕ್ಕೆ ಒಂದೇ ಕಾನೂನು ಬೇಕೆಂದಿತು. ಅದೇ ವರ್ಷದ ಕೊನೆಗೆ ಮೊದಲ ಬಾಲನ್ಯಾಯ ಕಾಯ್ದೆ ಬಂತು. ಅವರ ಇನ್ನೊಂದು ಅರ್ಜಿ ನೇರವಾಗಿ ಚಿಲ್ಡ್ರನ್ಸ್ ಏಯ್ಡ್ ಸೊಸೈಟಿಯ ಮನೆಗಳ ಬಗ್ಗೆಯೇ ಇದ್ದು, ಮಕ್ಕಳನ್ನು ಪೋಷಕರಿಗೆ ಮರಳಿಸುವುದರಲ್ಲಿ ಆಗುವ ವಿಳಂಬವನ್ನೂ, ಹೊರಹೋದವರ ಬಗ್ಗೆ ಮುಂದೆ ಯಾರೂ ವಿಚಾರಿಸದಿರುವುದನ್ನೂ ಎತ್ತಿ ತೋರಿಸಿತ್ತು. ಮಕ್ಕಳು ವೀಕ್ಷಣಾಲಯದಲ್ಲಿ ದೀರ್ಘಕಾಲ ಇರಬಾರದು, ಇರುವಷ್ಟು ದಿನ ಅವರಿಗೆ ಹೊಂದುವ ಕೆಲಸದಲ್ಲಿ ಅವರು ತೊಡಗಿರಬೇಕು ಎಂದು ನ್ಯಾಯಾಲಯ 1986ರ ಡಿಸೆಂಬರಿನಲ್ಲಿ ಹೇಳಿದ ಮಾತು ಇಂದಿಗೂ ಹಳತಾಗಿಲ್ಲ ಎನ್ನುವುದು ಆ ತೀರ್ಪಿಗೆ ಸಲ್ಲುವ ಹೊಗಳಿಕೆಯೇನೂ ಆಗಲಾರದು.

ಈಗಿನ ಕಾಯ್ದೆಯಲ್ಲಿ ಬಿಡುಗಡೆಯೇ ನಿಯಮ, ಒಳಗಿಡುವುದು ಅಪವಾದ. ಪೊಲೀಸರು ಹಿಡಿದ ಮಗುವನ್ನು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುವ, ಆ ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಲೇಬೇಕಾದ ಪೀಠಕ್ಕೆ ಈ ಹೆಸರು. ಅಪರಾಧ ಜಾಮೀನು ಕೊಡಬಹುದಾದದ್ದಿರಲಿ ಇಲ್ಲದಿರಲಿ, ಬಿಟ್ಟರೆ ಮಗು ಗೊತ್ತಿರುವ ಅಪರಾಧಿಗಳ ಸಹವಾಸಕ್ಕೆ ಬೀಳುತ್ತದೆ, ಅಥವಾ ಅದರ ದೇಹಕ್ಕೋ ಮನಸ್ಸಿಗೋ ನಡತೆಗೋ ಅಪಾಯವಿದೆ, ಅಥವಾ ನ್ಯಾಯದ ಉದ್ದೇಶವೇ ಕೆಡುತ್ತದೆ ಎಂದು ನಂಬಲು ಕಾರಣವಿದ್ದರೆ ಮಾತ್ರ ಮಂಡಳಿ ಜಾಮೀನನ್ನು ನಿರಾಕರಿಸಬಹುದು. ವಿಚಾರಣೆ ನಾಲ್ಕು ತಿಂಗಳಲ್ಲಿ, ವಿಸ್ತರಿಸಿದರೆ ಇನ್ನೆರಡು ತಿಂಗಳಲ್ಲಿ ಮುಗಿಯಬೇಕು. ಸಣ್ಣಪುಟ್ಟ ಅಪರಾಧವಾಗಿದ್ದು ಅಷ್ಟರಲ್ಲಿ ಮುಗಿಯದಿದ್ದರೆ ಪ್ರಕರಣವೇ ಮುಕ್ತಾಯವಾಗಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2021ರಲ್ಲಿ ದೇಶದಾದ್ಯಂತ ಹದಿಹರೆಯದವರ ಮೇಲೆ 31,170 ಪ್ರಕರಣಗಳನ್ನು ಲೆಕ್ಕ ಹಾಕಿದ್ದು, ಹಿಡಿಯಲ್ಪಟ್ಟವರಲ್ಲಿ ಮುಕ್ಕಾಲು ಭಾಗ 16ರಿಂದ 18 ವರ್ಷದವರು.

ಆದರೆ ಜಾಮೀನಿನ ಮುಚ್ಚಳಿಕೆಗೆ ಸಹಿ ಹಾಕಲು ಒಬ್ಬ ಪೋಷಕ ಬೇಕು, ಪೋಷಕನಿಗೆ ಒಂದು ವಿಳಾಸ ಬೇಕು, ವಿಳಾಸಕ್ಕೆ ಒಂದು ಕಾಗದ ಬೇಕು. ಕಾಲುಹಾದಿಯ ಮೇಲೆ, ರೈಲ್ವೆ ಹಳಿಯ ಪಕ್ಕದಲ್ಲಿ, ಕಟ್ಟಡ ಕೆಲಸದ ಜಾಗದ ತಗಡಿನ ಶೆಡ್ಡುಗಳಲ್ಲಿ ಬದುಕುವ ಕುಟುಂಬಗಳಿರುವ, ಕಲಬುರಗಿ ವಿಜಯಪುರಗಳಿಂದ ಹಿಡಿದು ಬಿಹಾರದವರೆಗಿನ ಹಳ್ಳಿಗಳಿಂದ ಹುಡುಗರು ಒಬ್ಬೊಬ್ಬರೇ ರೈಲು ಹತ್ತಿ ಬರುವ ಈ ನಗರದಲ್ಲಿ ಆ ಮೂರೂ ಒಟ್ಟಿಗೆ ಸಿಗುವುದು ಸುಲಭವಲ್ಲ. ಸಣ್ಣ ಕಳವಿನಲ್ಲಿ ಸಿಕ್ಕಿಬಿದ್ದ ಹುಡುಗನ ತಂದೆ ಊರಲ್ಲಿ ಕೂಲಿಗೆ ಹೋಗುತ್ತಿದ್ದು ಫೋನಿಗೆ ಸಿಗದಿದ್ದರೆ, ‘ಮಗುವನ್ನು ಒಪ್ಪಿಸಲು ಯಾರೂ ಇಲ್ಲ’ ಎಂಬ ಬಡತನದ ಸಂಗತಿಯೇ ‘ಬಿಟ್ಟರೆ ಅಪಾಯವಿದೆ’ ಎಂಬ ಕಾನೂನಿನ ಕಾರಣವಾಗಿ ಮಾರ್ಪಡುತ್ತದೆ. ಜಾಮೀನು ಸಿಕ್ಕಿಯೂ ಅದರ ಷರತ್ತನ್ನು ಏಳು ದಿನಗಳಲ್ಲಿ ಪೂರೈಸಲಾಗದಿದ್ದರೆ ಷರತ್ತನ್ನು ಸಡಿಲಿಸಲು ಮಗುವನ್ನು ಮತ್ತೆ ಮಂಡಳಿಯ ಮುಂದೆ ತರಬೇಕೆಂದು ಕಾಯ್ದೆ ಹೇಳುತ್ತದೆ. ಕಾನೂನು ಮಾಡಿದವರಿಗೂ ಈ ತೊಡಕಿನ ಅರಿವಿತ್ತೆಂಬುದಕ್ಕೆ ಆ ಉಪಬಂಧವೇ ಸಾಕ್ಷಿ. ಮರಾಠಿಯಾಗಲೀ ಹಿಂದಿಯಾಗಲೀ ಸರಿಯಾಗಿ ಬಾರದ ಹುಡುಗನ ಸ್ಥಿತಿ ಇನ್ನೂ ಬಿಗಿ. ಅವನ ಮನೆಯ ಹಿನ್ನೆಲೆಯನ್ನು ವಿಚಾರಿಸಿ ಮಂಡಳಿಗೆ ವರದಿ ಕೊಡಬೇಕಾದ ಪರಿವೀಕ್ಷಣಾಧಿಕಾರಿಗೆ ಅವನ ಊರಿನ ಹೆಸರು ಸರಿಯಾಗಿ ಕೇಳಿಸುವುದೇ ಅದೃಷ್ಟದ ಮಾತು.

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದನೆನ್ನಲಾದ ದುಬಾರಿ ಕಾರು ಇಬ್ಬರು ಐಟಿ ಉದ್ಯೋಗಿಗಳನ್ನು ಕೊಂದಾಗ, ಕೆಲವೇ ಗಂಟೆಗಳಲ್ಲಿ ಅವನಿಗೆ ಸಿಕ್ಕ ಜಾಮೀನು ಮತ್ತು ಅದರ ಜೊತೆಗಿನ ಮುನ್ನೂರು ಪದಗಳ ಪ್ರಬಂಧದ ಷರತ್ತು ದೇಶದಾದ್ಯಂತ ಕೋಪ ಹುಟ್ಟಿಸಿತು. ಕೋಪದ ಒತ್ತಡದಲ್ಲಿ ಅವನನ್ನು ವೀಕ್ಷಣಾಲಯಕ್ಕೆ ಕಳುಹಿಸಲಾಯಿತು; ಜೂನ್ 25ರಂದು ಬಾಂಬೆ ಹೈಕೋರ್ಟು, ಒಮ್ಮೆ ಜಾಮೀನು ಸಿಕ್ಕವನನ್ನು ಹಾಗೆ ಒಳಗಿಟ್ಟದ್ದು ಕಾನೂನಿಗೆ ವಿರುದ್ಧವೆಂದು ಹೇಳಿ ಬಿಡುಗಡೆ ಮಾಡಿತು. ಸಾರ್ವಜನಿಕರ ಸಿಟ್ಟಿಗೆ ಕಾರಣವಿತ್ತು, ದಿಕ್ಕು ಮಾತ್ರ ತಪ್ಪಿತ್ತು. ಶ್ರೀಮಂತರ ಹುಡುಗನಿಗೆ ಕಾನೂನು ಹೇಳಿದಷ್ಟೇ ಸಿಕ್ಕಿದ್ದರೆ, ಕೇಳಬೇಕಾದ ಪ್ರಶ್ನೆ ಅದೇ ಕಾನೂನು ಗೋವಂಡಿಯ ಹುಡುಗನಿಗೆ ಅಷ್ಟೇ ಬೇಗ ಏಕೆ ಸಿಗುವುದಿಲ್ಲ ಎಂಬುದು. ಗೋವಂಡಿ ಮತ್ತು ಮಾನ್‌ಖುರ್ದ್ ಸೇರಿದ ‘ಎಂ ಪೂರ್ವ’ ವಾರ್ಡಿಗೆ 2009ರ ಮುಂಬಯಿ ಮಾನವ ಅಭಿವೃದ್ಧಿ ವರದಿಯಲ್ಲಿ ಸಿಕ್ಕ ಸೂಚ್ಯಂಕ 0.05, ಇಡೀ ನಗರದಲ್ಲೇ ಕನಿಷ್ಠ.

ಹದಿಹರೆಯದಲ್ಲಿ ಕಾಯುವುದೆಂದರೆ ದೊಡ್ಡವರ ಕಾಯುವಿಕೆಯಂತಲ್ಲ. ಭಾವಾವೇಶಕ್ಕೆ ಮತ್ತು ಪ್ರತಿಫಲಕ್ಕೆ ಸಂಬಂಧಿಸಿದ ಮಿದುಳಿನ ಭಾಗಗಳು ಹದಿಮೂರು ಹದಿನಾಲ್ಕರ ಹೊತ್ತಿಗೇ ಚುರುಕಾಗಿಬಿಡುತ್ತವೆ, ಹಣೆಯ ಹಿಂದಿರುವ, ಆವೇಶವನ್ನು ತಡೆದು ಮುಂದಾಲೋಚನೆ ಮಾಡುವ ಭಾಗವಾದರೋ ಇಪ್ಪತ್ತರ ನಡುವಿನವರೆಗೂ ಬಲಿಯುತ್ತಲೇ ಇರುತ್ತದೆ. ಮುಂದಿನ ವಾರವನ್ನೇ ದೂರವೆಂದು ಕಾಣುವ ವಯಸ್ಸಿನವನಿಗೆ ‘ಮುಂದಿನ ತಾರೀಖು’ ಎಂಬ ನ್ಯಾಯಾಲಯದ ಕಾಲಮಾನ ಹಿಡಿತಕ್ಕೆ ಸಿಗುವಂಥದ್ದಲ್ಲ. ಒಂದು ತಿಂಗಳ ಶಿಕ್ಷೆಯೆಂದು ತಿಳಿದವನು ದಿನಗಳನ್ನು ಎಣಿಸಬಲ್ಲ. ಯಾವಾಗ ಬಿಡುತ್ತಾರೆ, ಬಿಡುತ್ತಾರೋ ಇಲ್ಲವೋ, ಅಮ್ಮ ಬರುತ್ತಾಳೋ ಎಂಬುದೇ ತಿಳಿಯದವನಿಗೆ ಎಣಿಸಲೂ ಏನಿಲ್ಲ. ಒತ್ತಡವು ತನ್ನ ಹಿಡಿತಕ್ಕೆ ಮೀರಿದ್ದಾಗ ಮತ್ತು ಅದರ ಕೊನೆ ಕಾಣದಿದ್ದಾಗ ಹೆಚ್ಚು ಹಾನಿ ಮಾಡುತ್ತದೆಂಬುದು ಮನೋವಿಜ್ಞಾನದಲ್ಲಿ ಚೆನ್ನಾಗಿ ಸ್ಥಾಪಿತವಾದ ವಿಷಯ. ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಊಟ ಬಿಡುವುದು, ಯಾರೊಡನೆಯೂ ಮಾತಾಡದಿರುವುದು, ಬ್ಲೇಡಿನಿಂದಲೋ ಗಾಜಿನ ಚೂರಿನಿಂದಲೋ ತನ್ನ ಕೈಯನ್ನೇ ಕೊಯ್ದುಕೊಳ್ಳುವುದು, ಕಾರಣವಿಲ್ಲದೆ ಜಗಳಕ್ಕೆ ಬೀಳುವುದು ಇವೆಲ್ಲ ಆ ಒತ್ತಡದ ಬೇರೆ ಬೇರೆ ಮುಖಗಳು. ಹುಡುಗರಲ್ಲಿ ಖಿನ್ನತೆಯು ಅಳುವಾಗಿ ಕಾಣಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ಸಿಡುಕಾಗಿ ಕಾಣಿಸಿಕೊಳ್ಳುವುದರಿಂದ, ಚಿಕಿತ್ಸೆ ಬೇಕಾದವನಿಗೆ ಸಿಗುವುದು ಹಲವು ಸಲ ಗದರಿಕೆ.

ಬೀದಿಯ ಹುಡುಗರ ಮಾದಕ ಚಟವೂ ಇದೇ ಬಗೆಯ ತಪ್ಪು ಓದಿಗೆ ಗುರಿಯಾಗುತ್ತದೆ. ಟೈಪಿಂಗ್ ವೈಟ್ನರ್ ಮತ್ತು ಪಂಕ್ಚರ್ ಹಾಕುವ ಅಂಟನ್ನು ಬಟ್ಟೆಗೆ ಸುರಿದು ಮೂಸುವ ಅಭ್ಯಾಸವು ಮುಂಬಯಿಯ ರೈಲು ನಿಲ್ದಾಣಗಳ ಆಸುಪಾಸಿನ ಹುಡುಗರಲ್ಲಿ ಬಹಳ ಕಾಲದಿಂದ ಇರುವಂಥದ್ದು. ಅವರು ಅದನ್ನು ‘ಸೊಲ್ಯೂಶನ್’ ಎನ್ನುತ್ತಾರೆ. ಹಸಿವನ್ನೂ ಭಯವನ್ನೂ ಮರೆಸುವ ಅದು ವೀಕ್ಷಣಾಲಯದ ಬಾಗಿಲಲ್ಲಿ ಒಮ್ಮೆಲೇ ನಿಂತುಹೋದಾಗ ಬರುವ ತಳಮಳ, ಬೆವರು, ಕಿರಿಕಿರಿ, ತಲೆನೋವುಗಳು ಅಶಿಸ್ತಿನಂತೆ ಕಾಣುತ್ತವೆ. ಮಾನಸಿಕ ಅಸ್ವಸ್ಥತೆ ಅಥವಾ ಚಟವಿರುವ ಮಗುವನ್ನು ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸಬಹುದೆಂದು ಕಾಯ್ದೆಯ 93ನೇ ಪ್ರಕರಣ ಹೇಳುತ್ತದೆಯಾದರೂ, ಕಳುಹಿಸುವ ಮುನ್ನ ಅದನ್ನು ಗುರುತಿಸಬಲ್ಲವರು ಒಳಗೆ ಇರಬೇಕು.

ಒಳಗೆ ಹೋದ ಮಕ್ಕಳಲ್ಲಿ ಮಾನಸಿಕ ತೊಂದರೆಗಳು ಎಷ್ಟು ಸಾಮಾನ್ಯವೆಂಬುದನ್ನು ತೋರಿಸಿದ ಅತಿ ದೊಡ್ಡ ಅಧ್ಯಯನಗಳಲ್ಲಿ ಒಂದು ಷಿಕಾಗೋ ನಗರದ್ದು. ಲಿಂಡಾ ಟೆಪ್ಲಿನ್ ಮತ್ತು ಸಂಗಡಿಗರು 1995ರಿಂದ 1998ರವರೆಗೆ ಅಲ್ಲಿನ ಬಾಲಬಂಧನ ಕೇಂದ್ರಕ್ಕೆ ಬಂದ 1,829 ಹದಿಹರೆಯದವರನ್ನು ಸಂದರ್ಶಿಸಿದಾಗ ಹುಡುಗರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಹುಡುಗಿಯರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಒಂದಲ್ಲ ಒಂದು ಮಾನಸಿಕ ಕಾಯಿಲೆಯ ಲಕ್ಷಣಗಳನ್ನು ಹೊಂದಿದ್ದರು. ಆಕ್ಸ್‌ಫರ್ಡಿನ ಸೀನಾ ಫಜೆಲ್ ಮತ್ತಿತರರು ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಬಂಧನದಲ್ಲಿರುವ ಹುಡುಗರ ಶೇಕಡ 11ರಷ್ಟು ಮತ್ತು ಹುಡುಗಿಯರ ಶೇಕಡ 29ರಷ್ಟು ಮಂದಿ ತೀವ್ರ ಖಿನ್ನತೆಯಿಂದ ಬಳಲುತ್ತಿದ್ದರು. ಅಳತೆಗೋಲು ಬೇರೆಯಾದುದರಿಂದ ನೇರ ಹೋಲಿಕೆ ಸಲ್ಲದಾದರೂ, ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಭಾರತೀಯ ಮಕ್ಕಳಲ್ಲಿ ಎಲ್ಲ ಬಗೆಯ ಮಾನಸಿಕ ತೊಂದರೆಗಳ ಒಟ್ಟು ಪ್ರಮಾಣ ಶೇಕಡ 7.3 ಇತ್ತೆಂಬುದು ಅಂತರದ ಅಂದಾಜನ್ನು ಕೊಡುತ್ತದೆ.

ಇಷ್ಟರಿಂದಲೇ ಬಂಧನವು ಕಾಯಿಲೆಯನ್ನು ಹುಟ್ಟಿಸುತ್ತದೆಂದು ಹೇಳಿಬಿಡಲು ಬರುವುದಿಲ್ಲ. ಒಳಗೆ ಬರುವ ಮಕ್ಕಳು ಹೊಡೆತ, ಹಸಿವು, ಲೈಂಗಿಕ ಶೋಷಣೆ, ತಂದೆತಾಯಿಯರ ಅಗಲಿಕೆ ಇವುಗಳನ್ನು ಮೊದಲೇ ಹೊತ್ತುಕೊಂಡು ಬಂದಿರುತ್ತಾರೆ. ಜಾನ್ ಬೌಲ್ಬಿ ಲಂಡನ್ನಿನಲ್ಲಿ ಕಳವು ಮಾಡಿದ 44 ಮಕ್ಕಳನ್ನು ಪರೀಕ್ಷಿಸಿ 1944ರಲ್ಲಿ ಪ್ರಕಟಿಸಿದ ಲೇಖನವು, ಯಾರ ಮೇಲೂ ಪ್ರೀತಿಯಿಲ್ಲದಂತೆ ಕಂಡ 14 ಮಕ್ಕಳಲ್ಲಿ 12 ಮಂದಿ ಎಳವೆಯಲ್ಲಿ ತಾಯಿಯಿಂದ ದೀರ್ಘಕಾಲ ದೂರವಾಗಿದ್ದುದನ್ನು ಗುರುತಿಸಿತ್ತು. ಅಗಲಿಕೆಯಿಂದ ಆದ ಗಾಯಕ್ಕೆ ಇನ್ನೊಂದು ಅಗಲಿಕೆಯನ್ನು ಮದ್ದಾಗಿ ಕೊಡುವ ವಿಪರ್ಯಾಸವನ್ನು ಆ ಪುಟ್ಟ ಅಧ್ಯಯನ ಆಗಲೇ ಸೂಚಿಸಿತ್ತು. ಹಳೆಯ ಗಾಯದಿಂದ ಬಂಧನದ ಪರಿಣಾಮವನ್ನು ಬೇರ್ಪಡಿಸಿ ನೋಡುವ ಜಾಣ ದಾರಿಯೊಂದನ್ನು ಅರ್ಥಶಾಸ್ತ್ರಜ್ಞರಾದ ಆನಾ ಐಜರ್ ಮತ್ತು ಜೋಸೆಫ್ ಡಾಯ್ಲ್ ಕಂಡುಕೊಂಡರು. ಷಿಕಾಗೋದಲ್ಲಿ ಮಕ್ಕಳ ಪ್ರಕರಣಗಳು ಹೆಚ್ಚುಕಡಿಮೆ ಸರದಿಯಂತೆ ನ್ಯಾಯಾಧೀಶರಿಗೆ ಹಂಚಿಹೋಗುತ್ತಿದ್ದು, ಕೆಲವು ನ್ಯಾಯಾಧೀಶರು ಬೇಗ ಒಳಗೆ ಕಳುಹಿಸುವವರು, ಕೆಲವರು ಮನೆಗೆ ಬಿಡುವವರು. ಹಾಗಾಗಿ ಒಂದೇ ಬಗೆಯ ಇಬ್ಬರು ಹುಡುಗರಲ್ಲಿ ಒಬ್ಬ ಒಳಗೆ, ಒಬ್ಬ ಹೊರಗೆ ಉಳಿದದ್ದಕ್ಕೆ ಅವರ ಸ್ವಭಾವ ಕಾರಣವಾಗಿರದೆ ಯಾವ ಪೀಠದ ಮುಂದೆ ಬಂದರೆಂಬ ಆಕಸ್ಮಿಕ ಕಾರಣವಾಗಿತ್ತು. ಅಂಥವರನ್ನು ಹೋಲಿಸಿ 2015ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ, ಒಳಗೆ ಹೋದವರು ಹೈಸ್ಕೂಲು ಮುಗಿಸುವ ಸಾಧ್ಯತೆ 13 ಶೇಕಡಾಂಶ ಕುಗ್ಗಿತು, ದೊಡ್ಡವರಾದ ಮೇಲೆ ಜೈಲು ಸೇರುವ ಸಾಧ್ಯತೆ 23 ಶೇಕಡಾಂಶ ಹೆಚ್ಚಿತು, ಮತ್ತು ಶಾಲೆಗೆ ಮರಳಿದವರು ಭಾವನೆ ಹಾಗೂ ನಡವಳಿಕೆಯ ತೊಂದರೆಯಿರುವವರೆಂದು ಗುರುತಿಸಲ್ಪಡುವುದೂ ಹೆಚ್ಚಾಯಿತು. ಈ ಹುಡುಗರು ಒಳಗಿದ್ದದ್ದು ವರ್ಷಗಟ್ಟಲೆಯಲ್ಲ, ಕೆಲವು ವಾರ, ಕೆಲವು ತಿಂಗಳು. ಮುಂಬಯಿಯ ಓದುಗರು ಗಮನಿಸಬೇಕಾದದ್ದು ಇದನ್ನೇ. ‘ನಾಲ್ಕು ದಿನ ಒಳಗಿದ್ದರೆ ಬುದ್ಧಿ ಬರುತ್ತದೆ’ ಎಂದು ಪೊಲೀಸ್ ಠಾಣೆಯಲ್ಲಿಯೂ ಮನೆಯಲ್ಲಿಯೂ ಕೇಳಿಬರುವ ಮಾತಿಗೆ ಈ ಅಂಕಿಗಳಲ್ಲಿ ಯಾವ ಆಧಾರವೂ ಸಿಗುವುದಿಲ್ಲ.

ಹುಡುಗಿಯರ ಸಂಖ್ಯೆ ಎಲ್ಲೆಡೆಯೂ ಚಿಕ್ಕದು, ಆ ಕಾರಣಕ್ಕೇ ಅವರಿಗೆಂದು ಏರ್ಪಾಡುಗಳೂ ತೆಳ್ಳಗೆ. ಅವರ ಖಿನ್ನತೆಯ ಪ್ರಮಾಣ ಹುಡುಗರಿಗಿಂತ ಎಷ್ಟೋ ಪಾಲು ಹೆಚ್ಚೆಂಬುದನ್ನು ಮೇಲಿನ ಅಂಕಿಗಳೇ ಹೇಳುತ್ತವೆ.

ಮನಸ್ಸಿನ ವಿಷಯಕ್ಕೆ ಕಾನೂನು ನೇರವಾಗಿ ಕೈಹಾಕುವ ಒಂದು ಘಟ್ಟ ಈಗಿನ ಕಾಯ್ದೆಯಲ್ಲಿದ್ದು, ಅದು ಸ್ವಲ್ಪ ವಿವರವಾಗಿ ನೋಡಬೇಕಾದದ್ದು. 2012ರ ದೆಹಲಿಯ ಸಾಮೂಹಿಕ ಅತ್ಯಾಚಾರದ ಪ್ರಕರಣದಲ್ಲಿ ಒಬ್ಬ ಆರೋಪಿ ಹದಿನೆಂಟರೊಳಗಿನವನೆಂದು ತಿಳಿದಾಗ ಎದ್ದ ಕೂಗಿನ ಫಲವಾಗಿ, ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ‘ಘೋರ ಅಪರಾಧ’ಗಳಲ್ಲಿ 16ರಿಂದ 18 ವರ್ಷದವರನ್ನು ದೊಡ್ಡವರಂತೆ ವಿಚಾರಣೆಗೆ ಒಳಪಡಿಸಬಹುದೇ ಎಂದು ತೀರ್ಮಾನಿಸುವ ‘ಪ್ರಾಥಮಿಕ ಮೌಲ್ಯಮಾಪನ’ವನ್ನು 2015ರ ಕಾಯ್ದೆಯ 15ನೇ ಪ್ರಕರಣ ತಂದಿತು. ಆ ಅಪರಾಧ ಮಾಡಲು ಬೇಕಾದ ದೈಹಿಕ ಮಾನಸಿಕ ಸಾಮರ್ಥ್ಯ ಹುಡುಗನಿಗೆ ಇತ್ತೇ, ಅದರ ಪರಿಣಾಮ ಅವನಿಗೆ ಅರ್ಥವಾಗುತ್ತಿತ್ತೇ, ಯಾವ ಸನ್ನಿವೇಶದಲ್ಲಿ ಅದು ನಡೆಯಿತೆನ್ನಲಾಗಿದೆ ಎಂಬ ಮೂರನ್ನು ಮಂಡಳಿ ಅಳೆಯಬೇಕು. ತಿಂಗಳುಗಳ ಹಿಂದಿನ ಒಂದು ಗಳಿಗೆಯಲ್ಲಿ ಒಬ್ಬನ ಮನಸ್ಸು ಹೇಗಿತ್ತೆಂದು ಇಂದು ಅಳೆದು ಹೇಳುವ ಪರೀಕ್ಷೆ ಮನೋವಿಜ್ಞಾನದ ಬಳಿ ಇಲ್ಲ. ಅಪರಾಧ ಮಾಡಿದನೆಂಬುದೇ ಇನ್ನೂ ಸಾಬೀತಾಗದಿರುವಾಗ, ಮಾಡಿದನೆಂದು ಊಹಿಸಿಕೊಂಡೇ ಈ ಅಳತೆ ನಡೆಯಬೇಕು. ಇದಕ್ಕಿಂತ ಗಂಭೀರವಾದ ತೊಡಕು ಇನ್ನೊಂದು: ಹುಡುಗನ ಸಂಕಟವನ್ನು ಕೇಳಬೇಕಾದ ಮನಶ್ಶಾಸ್ತ್ರಜ್ಞರೇ ಅವನ ಭವಿಷ್ಯವನ್ನು ನಿರ್ಧರಿಸುವ ವರದಿಯನ್ನೂ ಬರೆಯುವವರಾದರೆ, ಬಾಯಿ ಬಿಟ್ಟು ಹೇಳಿದ ಮಾತು ತನ್ನನ್ನೇ ದೊಡ್ಡವರ ನ್ಯಾಯಾಲಯಕ್ಕೆ ತಳ್ಳಬಹುದೆಂದು ಹುಡುಗ ಬಹಳ ಬೇಗ ಅರಿಯುತ್ತಾನೆ, ಆಮೇಲೆ ಯಾರೊಡನೆಯೂ ಏನನ್ನೂ ಹೇಳುವುದಿಲ್ಲ.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಲ್ಲಿ ಹದಿನೆಂಟರೊಳಗಿನವರೊಡನೆ ನಡೆದ ಲೈಂಗಿಕ ಸಂಪರ್ಕಕ್ಕೆ ಕನಿಷ್ಠ ಶಿಕ್ಷೆ, 2019ರ ತಿದ್ದುಪಡಿಯ ಬಳಿಕ, ಹತ್ತು ವರ್ಷವಿರುವುದರಿಂದ, ಹದಿನಾರರ ಹುಡುಗಿಯೊಡನೆ ಓಡಿಹೋದ ಹದಿನೇಳರ ಹುಡುಗನೂ, ಅವರಿಬ್ಬರ ನಡುವೆ ಇದ್ದದ್ದು ಪ್ರೇಮವೇ ಆಗಿದ್ದರೂ, ‘ಘೋರ ಅಪರಾಧ’ದ ಪಟ್ಟಿಯಲ್ಲಿ ಬಂದು ಇದೇ ಮೌಲ್ಯಮಾಪನಕ್ಕೆ ಕೂರಬೇಕಾಗುತ್ತದೆ. ಗುರುಗ್ರಾಮದ ಶಾಲೆಯೊಂದರಲ್ಲಿ 2017ರಲ್ಲಿ ನಡೆದ ಕೊಲೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2022ರ ಜುಲೈ 13ರಂದು, ಈ ಕೆಲಸ ಅತಿ ಸೂಕ್ಷ್ಮವಾದದ್ದೆಂದೂ, ಮಂಡಳಿಯಲ್ಲಿ ಮಕ್ಕಳ ಮನೋವಿಜ್ಞಾನ ಬಲ್ಲವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದೂ ಹೇಳಿತು. ಕಾಯ್ದೆಯು ಈ ಮೌಲ್ಯಮಾಪನಕ್ಕೆ ಕೊಟ್ಟ ಮೂರು ತಿಂಗಳ ಗಡುವಿನ ಬಗ್ಗೆ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ 2024ರ ಮೇ 7ರಂದು, ಗಡುವು ಮಾರ್ಗಸೂಚಿಯೇ ಹೊರತು ಕಡ್ಡಾಯವಲ್ಲವೆಂದು ತೀರ್ಪಿತ್ತಿತು. ಅವಸರದ ಮೌಲ್ಯಮಾಪನಕ್ಕಿಂತ ಸಾವಧಾನದ್ದು ಮೇಲೆಂಬ ತರ್ಕ ಒಪ್ಪತಕ್ಕದ್ದೇ ಆದರೂ, ಸಡಿಲವಾದ ಪ್ರತಿಯೊಂದು ಗಡುವಿನ ಭಾರವೂ ಕೊನೆಗೆ ಬೀಳುವುದು ಒಳಗೆ ಕಾಯುತ್ತಿರುವವನ ಮೇಲೆ.

ಈ ಎಲ್ಲ ರಕ್ಷಣೆಗಳೂ ವಯಸ್ಸು ಸರಿಯಾಗಿ ತಿಳಿದಾಗ ಮಾತ್ರ ಸಿಗುವಂಥವು. ಜನನ ಪ್ರಮಾಣಪತ್ರವೂ ಶಾಲೆಯ ದಾಖಲೆಯೂ ಇಲ್ಲದ ಹುಡುಗನ ವಯಸ್ಸನ್ನು ಠಾಣೆಯಲ್ಲಿ ಹತ್ತೊಂಬತ್ತೆಂದು ಬರೆದುಕೊಂಡರೆ ಅವನು ಡೋಂಗ್ರಿಗೆ ಹೋಗುವ ಬದಲು ದೊಡ್ಡವರನ್ನಿಡುವ ಆರ್ಥರ್ ರೋಡ್ ಜೈಲಿಗೆ ಹೋಗುತ್ತಾನೆ. ‘ಐಪ್ರೊಬೋನೋ’ ಸಂಸ್ಥೆ ಮಾಹಿತಿ ಹಕ್ಕಿನ ಮೂಲಕ ವಿವರ ಸಂಗ್ರಹಿಸಿ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2016ರಿಂದ 2021ರವರೆಗೆ ದೇಶದ ದೊಡ್ಡವರ ಜೈಲುಗಳಲ್ಲಿ ತಪ್ಪಾಗಿ ಇರಿಸಲ್ಪಟ್ಟಿದ್ದ ಮಕ್ಕಳ ಸಂಖ್ಯೆ ಕನಿಷ್ಠ 9,681. ಮಹಾರಾಷ್ಟ್ರದಲ್ಲೇ ಇದರ ಅತಿ ಕ್ರೂರ ಉದಾಹರಣೆಯಿದೆ. 1994ರಲ್ಲಿ ಪುಣೆಯಲ್ಲಿ ನಡೆದ ಏಳು ಜನರ ಕೊಲೆಗಾಗಿ ಗಲ್ಲು ಶಿಕ್ಷೆಗೆ ಗುರಿಯಾಗಿದ್ದ ಒಬ್ಬನು ಕೃತ್ಯದ ಸಮಯದಲ್ಲಿ ಹನ್ನೆರಡೂವರೆ ವರ್ಷದವನಾಗಿದ್ದನೆಂದು ಸುಪ್ರೀಂ ಕೋರ್ಟು 2023ರ ಮಾರ್ಚಿನಲ್ಲಿ ಒಪ್ಪಿ ಅವನನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ ಅವನು ಜೈಲಿನಲ್ಲಿ 28 ವರ್ಷ ಕಳೆದಿದ್ದನು, ಅದರಲ್ಲಿ ಬಹುಪಾಲು ನೇಣಿನ ನೆರಳಿನಲ್ಲಿ. ಕಾನೂನು ಅವನಿಗೆ ವಿಧಿಸಬಹುದಾಗಿದ್ದ ಗರಿಷ್ಠ ಅವಧಿ ಮೂರು ವರ್ಷ.

ಬೇರೆ ದಾರಿಗಳು ಇಲ್ಲವೆಂದಲ್ಲ. ಕೋವಿಡ್ ಹರಡಿದಾಗ ಸುಪ್ರೀಂ ಕೋರ್ಟು 2020ರ ಏಪ್ರಿಲ್ 3ರಂದು ವೀಕ್ಷಣಾಲಯಗಳಲ್ಲಿರುವ ಮಕ್ಕಳನ್ನು ಜಾಮೀನಿನ ಮೇಲೆ ಬಿಡುವುದನ್ನು ಪರಿಶೀಲಿಸುವಂತೆ ಮಂಡಳಿಗಳಿಗೆ ಸೂಚಿಸಿತು. ಒಂದು ರೋಗದ ಭಯಕ್ಕೆ ಮಾಡಬಹುದಾದುದನ್ನು ಮನಸ್ಸಿನ ರೋಗದ ಭಯಕ್ಕೂ ಮಾಡಬಹುದೆಂದು ಯಾರೂ ಆಗ ಕೇಳಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜೆರೋಮ್ ಮಿಲ್ಲರ್ ಎಂಬ ಅಧಿಕಾರಿ 1970ರ ದಶಕದ ಆರಂಭದಲ್ಲಿ ದೊಡ್ಡ ಸುಧಾರಣಾ ಶಾಲೆಗಳನ್ನೇ ಮುಚ್ಚಿ ಮಕ್ಕಳನ್ನು ಚಿಕ್ಕ ಮನೆಗಳಿಗೂ ಕುಟುಂಬಗಳಿಗೂ ಕಳುಹಿಸಿದ. ಮುಂಬಯಿಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1937ರಲ್ಲಿಯೇ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವನ್ನು ತೆರೆದು, 1990ರಿಂದ ‘ಪ್ರಯಾಸ್’ ಯೋಜನೆಯ ಮೂಲಕ ಬಂಧನದಲ್ಲಿರುವವರ ಮತ್ತು ಅವರ ಕುಟುಂಬಗಳ ನಡುವೆ ಸಮಾಜ ಕಾರ್ಯಕರ್ತರನ್ನು ನಿಯೋಜಿಸುತ್ತ ಬಂದಿದೆ. ಕಾಣೆಯಾದ ತಂದೆಯನ್ನು ಹುಡುಕುವುದು, ಕಾಗದ ಮಾಡಿಸುವುದು, ವಕೀಲರನ್ನು ಕಾಣುವುದು ಇವೆಲ್ಲ ಅವರ ಕೆಲಸ. ಮಾನಸಿಕ ಚಿಕಿತ್ಸೆಯಂತೆ ತೋರದ ಈ ಓಡಾಟವೇ ಒಳಗಿರುವ ಹುಡುಗನಿಗೆ ಅತ್ಯಗತ್ಯವಾದ ಚಿಕಿತ್ಸೆಯಾಗಬಹುದು, ಏಕೆಂದರೆ ಅವನ ಕಾಯುವಿಕೆಗೆ ಒಂದು ಕೊನೆಯನ್ನು ಕಾಣಿಸುವುದು ಅದೊಂದೇ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಮಕ್ಕಳ ವಿಭಾಗವು ವೀಕ್ಷಣಾಲಯದ ಹುಡುಗರೊಡನೆ ಕೆಲಸ ಮಾಡಿ ಪಡೆದ ಅನುಭವವನ್ನು ಕೇಂದ್ರ ಸರ್ಕಾರದ ನೆರವಿನ ‘ಸಂವಾದ್’ ಕಾರ್ಯಕ್ರಮದ ಮೂಲಕ ಬೇರೆ ರಾಜ್ಯಗಳ ಸಿಬ್ಬಂದಿಗೂ ಕಲಿಸುತ್ತಿದೆ.

ಹೊರಬಂದ ಮೇಲೆ ಏನೆಂಬುದಕ್ಕೆ ಕಾನೂನಿನಲ್ಲಿ ಉದಾರವಾದ ಉತ್ತರವಿದೆ. ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಹೋಗುವವರಿಗೆ ಹಣಕಾಸಿನ ನೆರವು ಕೊಡಬಹುದು. ದೊಡ್ಡವರಂತೆ ವಿಚಾರಣೆಗೊಳಗಾದವರನ್ನು ಬಿಟ್ಟು ಉಳಿದವರಿಗೆ ಹಿಂದಿನ ಪ್ರಕರಣದಿಂದ ಯಾವ ಅನರ್ಹತೆಯೂ ತಟ್ಟಬಾರದು, ದಾಖಲೆ ನಾಶವಾಗಬೇಕು. ಮುಗಿದ ಪ್ರಕರಣದ ವಿವರವನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಲೀ ಬೇರಾವುದಕ್ಕಾಗಲೀ ಹೊರಗೆಡಹಬಾರದು. ಆದರೆ ಮುಂಬಯಿಯಲ್ಲಿ ಓದು ಅರ್ಧಕ್ಕೆ ನಿಂತ ತರುಣನಿಗೆ ಸಿಗುವ ಸೆಕ್ಯುರಿಟಿ ಗಾರ್ಡಿನ, ಚಾಲಕನ, ಮನೆಗೆ ಸಾಮಾನು ತಲುಪಿಸುವವನ ಕೆಲಸಗಳಿಗೆಲ್ಲ ಪೊಲೀಸ್ ಪರಿಶೀಲನೆಯ ಕಾಗದ ಕೇಳುತ್ತಾರೆ, ಮತ್ತು ಬಡಾವಣೆಯಲ್ಲಿ ಕಳವಾದಾಗ ಬೀಟ್ ಪೊಲೀಸರ ನೆನಪಿನಲ್ಲಿರುವ ಹೆಸರುಗಳನ್ನು ಯಾವ ಕಾಯ್ದೆಯೂ ಅಳಿಸಲಾರದು. ಮುಚ್ಚಿಟ್ಟರೆ ಸಿಕ್ಕಿಬೀಳುವ ಭಯ, ಹೇಳಿದರೆ ಕೆಲಸ ಹೋಗುವ ಭಯ ಇವೆರಡರ ನಡುವೆ ಬದುಕುವ ಈ ಆತಂಕ ವೀಕ್ಷಣಾಲಯದ ಬಾಗಿಲಲ್ಲಿ ಮುಗಿಯದೆ ವರ್ಷಗಟ್ಟಲೆ ಮುಂದುವರಿಯುತ್ತದೆ. ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಆಯ್ಕೆಯಾಗಿದ್ದ ಒಬ್ಬ ತರುಣನ ನೇಮಕವನ್ನು, ಬಾಲಕನಾಗಿದ್ದಾಗಿನ ಒಂದು ಪ್ರಕರಣದ ಕಾರಣಕ್ಕೆ ತಡೆಹಿಡಿಯಲಾಗಿತ್ತು. ಆ ಪ್ರಕರಣದಲ್ಲಿ ಅವನ ಮೇಲಿನ ಆಪಾದನೆ ನಿಂತಿರಲಿಲ್ಲ. ಬಾಲ್ಯದ ಪ್ರಕರಣ ಉದ್ಯೋಗಕ್ಕೆ ಅಡ್ಡಿಯಾಗಬಾರದೆಂದು ಸರ್ಕಾರದ ಒಂದು ಇಲಾಖೆಗೆ ಸರ್ಕಾರದ್ದೇ ಕಾನೂನನ್ನು ನೆನಪಿಸಲು ಸುಪ್ರೀಂ ಕೋರ್ಟಿನ 2019ರ ನವೆಂಬರಿನ ಆದೇಶ ಬೇಕಾಯಿತು.